ಕೆಸರನ ಕಾಗದ

ಕಡಲತಡಿಯ ನಮ್ಮ ಊರಿನಲ್ಲಿ ವಿಲಿಯಂ ಫ್ಲೆಟ್ ಎಂಬ ಹೆಸರಿನವರು ಹದಿನಾಲ್ಕು ಮಂದಿ. ಅಂಚೆ ಹಂಚುವ ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೇ? ಅದಕ್ಕೇ ಪ್ರತಿಯೊಬ್ಬನಿಗೂ ಒಂದೊಂದು ಅಡ್ಡಹೆಸರು: ಬೆಣ್ಣೆ, ಮೊಂಡ, ಲ್ಯಾಟಿನ್, ಹೀಗೆ. ಕಾಗದದ ಮೇಲೆ, ಚರ್ಚಿನ ಪುಸ್ತಕದಲ್ಲಿ ಕೂಡ ಹೆಸರಿನ ಪಕ್ಕ ಅದನ್ನು ಬರೆಯಲೇಬೇಕು. ಅಡ್ಡಹೆಸರಿಲ್ಲದ ಕಾಗದ ಬಂದರೆ ಆ ಹೆಸರಿನವರಲ್ಲಿ ಎಲ್ಲರಿಗಿಂತ ಹಿರಿಯನ ಮನೆಗೆ ಕೊಡಬೇಕು. ಅವನು ಒಡೆದು ಓದಿಸಿ, ಯಾರದೋ ಅವರಿಗೆ ಮುಟ್ಟಿಸಬೇಕು. ಅದು ಊರಿನ ಕಟ್ಟಳೆ, ನಾನು ಮಾಡಿದ್ದಲ್ಲ. ಇಷ್ಟು ವರ್ಷದ ಮೇಲೂ ಹಾಗೆ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ.

ನಾನು ಹೇಳಹೊರಟ ವಿಲಿಯಂನ ಅಡ್ಡಹೆಸರು ಕೆಸರ. ಮಿಕ್ಕವರ ಕಣ್ಣು ಮೀನಿನ ಮೇಲಿದ್ದರೆ ಇವನದು ಗಾಳದ ಹುರಿಗೆ ಮೆತ್ತಿಕೊಂಡು ಬಂದ ಕೆಸರಿನ ಮೇಲೆ. ದೋಣಿಯವರು ಕಾಲಿನಿಂದ ಒದ್ದು ನೀರಿಗೆ ತಳ್ಳುತ್ತಿದ್ದ ನಕ್ಷತ್ರದಂಥ, ಗರಿಯಂಥ ಜೀವಗಳನ್ನು ಹೆಕ್ಕಿ ಜಾಡಿಯಲ್ಲಿ ತುಂಬಿಕೊಂಡು ಬರುತ್ತಿದ್ದ. ಓದು ಕಲಿತದ್ದು ಮೂವತ್ತು ದಾಟಿದ ಮೇಲೆ, ಕಡಲಿನ ಪ್ರಾಣಿಗಳ ಬಗ್ಗೆ ಸಿಕ್ಕಿದ ಒಂದು ಹರಕು ಪುಸ್ತಕಕ್ಕಾಗಿ. ಅದರಲ್ಲಿ, ಮುನ್ನೂರು ಮಾರು ಆಳದಿಂದ ಕೆಳಗೆ ಜೀವ ಅನ್ನುವುದೇ ಇಲ್ಲ ಎಂದು ಬರೆದಿತ್ತಂತೆ.

ಒಂದು ಬೇಸಿಗೆ ಉತ್ತರದ ಶೆಟ್ಲೆಂಡ್ ದ್ವೀಪಗಳ ಆಚೆ ಗಾಳಿ ಬಿದ್ದುಹೋಗಿ ದೋಣಿ ನಿಂತಿತು. ಕೆಸರ ದೋಣಿಯಲ್ಲಿದ್ದ ಹಗ್ಗವನ್ನೆಲ್ಲ ಒಂದಕ್ಕೊಂದು ಗಂಟುಹಾಕಿ, ಸಿಂಪಿ ಬಾಚುವ ಕಬ್ಬಿಣದ ಬಾಯಿಯ ಚೀಲವನ್ನು ಐನೂರು ಮಾರು ಕೆಳಗೆ ಬಿಟ್ಟ. ಮೇಲೆಳೆಯುವ ಹೊತ್ತಿಗೆ ಅಂಗೈ ಚರ್ಮ ಕಿತ್ತುಬಂದಿತ್ತು. ಕೆಸರಿನ ನಡುವೆ, ಹೂವಿನ ದಂಟಿನಂಥ ಕಾಲಿನ ಮೇಲೆ, ಒಂದು ಕೆಂಪು ಜೀವ ತೋಳುಗಳನ್ನು ಮಡಚುತ್ತ ಬಿಚ್ಚುತ್ತ ಇತ್ತು.

ಹನ್ನೊಂದು ದಿನದ ಮೇಲೆ ಅದೇ ದೋಣಿಯಿಂದ ಒಬ್ಬ ಕಡಲಿಗೆ ಬಿದ್ದ. ಹೆಣವೂ ಸಿಗಲಿಲ್ಲ.

ನಮ್ಮಲ್ಲಿ ಗಂಡಸರ ಬೂಟು ನೆನೆಯಬಾರದೆಂದು ಹೆಂಡಂದಿರು ಅವರನ್ನು ಬೆನ್ನ ಮೇಲೆ ಹೊತ್ತು ದೋಣಿಗೆ ಹತ್ತಿಸುತ್ತಾರೆ. ಆ ಸೆಪ್ಟೆಂಬರಿನ ಬೆಳಿಗ್ಗೆ ಕೆಸರನ ಹೆಂಡತಿ ಜಾನೆಟ್ ಸೊಂಟದ ಮಟ್ಟ ನೀರಿನಲ್ಲಿ ಅವನನ್ನು ಹೊತ್ತು ನಿಂತಿದ್ದಳು. ದೋಣಿಯ ಯಜಮಾನ ಕೈ ಅಡ್ಡ ಹಿಡಿದ.

"ಹತ್ತಿಸ್ಬೇಡ ಜಾನೆಟ್. ಇವ್ನು ಕಡಲ ಕೆಳಗಿನವರದ್ದೇನೋ ಕಿತ್ಕೊಂಡು ಬಂದ, ಅವ್ರು ನಮ್ಮವನನ್ನ ಎಳ್ಕೊಂಡ್ರು."

"ಹಂಗಾದ್ರೆ ಇವ್ರನ್ನ ಎಲ್ಲಿ ಇಳಿಸ್ಲಿ? ನೀರಿಗಾ?"

"ಎಲ್ಲಿಂದ ಹೊತ್ಕೊಂಡು ಬಂದ್ಯೋ ಅಲ್ಲಿಗೆ."

ಇಡೀ ಊರು ನೋಡುತ್ತಿದ್ದಂತೆ ಅವಳು ಗಂಡನನ್ನು ಹೊತ್ತುಕೊಂಡೇ ದಡಕ್ಕೆ ವಾಪಸು ಬಂದಳು. ಆಮೇಲೆ ನಮ್ಮ ಕರಾವಳಿಯ ಯಾವ ದೋಣಿಯೂ ಅವನನ್ನು ಸೇರಿಸಲಿಲ್ಲ. ಮೀನುಗಾರನಿಗೆ ದೋಣಿಯಿಲ್ಲದಿದ್ದರೆ ಒಲೆಯಿಲ್ಲ. ಇಬ್ಬರೂ ಬಂಡೆಯ ಚಿಪ್ಪು ಕೆರೆದು ಬೇಯಿಸಿ ತಿಂದರು. ಕೆಸರ ಹೆಂಗಸರ ಸಾಲಿನಲ್ಲಿ ಕೂತು ಬೇರೆಯವರ ಗಾಳಕ್ಕೆ ಎರೆಯಾಗಿ ಚಿಪ್ಪು ಬಿಡಿಸಿಕೊಟ್ಟ.

ಅವನಿಗೆ ಉಳಿದಿದ್ದ ಆಸೆ ಒಂದೇ. ಲೋಕದ ಕಡಲುಗಳ ತಳವನ್ನೆಲ್ಲ ಬಾಚಿ ನೋಡಲು ನೌಕಾದಳದ ಒಂದು ದೊಡ್ಡ ಹಡಗು ಹೊರಡುವುದರಲ್ಲಿತ್ತು. ಅದನ್ನು ಹೊರಡಿಸುತ್ತಿದ್ದ ಎಡಿನ್‌ಬರೋದ ಪ್ರೊಫೆಸರ್ ಒಬ್ಬರಿಗೆ ಕೆಸರ ಆ ಕೆಂಪು ಜೀವದ ಚಿತ್ರ ಬರೆದು ಕಳಿಸಿ, ಹಗ್ಗ ಎಳೆಯಲು ತನ್ನನ್ನು ಕರೆದುಕೊಳ್ಳಿ ಎಂದು ಬೇಡಿಕೊಂಡಿದ್ದ. ಇದು ನನಗೆ ತಿಳಿದದ್ದು ಆಮೇಲೆ. ಆಗ ನಾನು ಕಂಡದ್ದು, ದಿನಾ ಬೆಳಿಗ್ಗೆ ಬಂದು ನನ್ನ ಬಾಗಿಲಲ್ಲಿ ನಿಲ್ಲುವ ಮನುಷ್ಯನನ್ನು.

"ನಂಗೇನಾದ್ರೂ ಇದ್ಯಾ ಆಂಡ್ರಾ?"

"ಕೆಸರನಿಗೇನೂ ಇಲ್ಲ. ಯಾರು ಬರೀಬೇಕಪ್ಪ ನಿಂಗೆ, ರಾಣಿನಾ?"

ಅವನು ನಕ್ಕು ಹೋಗುತ್ತಿದ್ದ. ನಾನು ಹಾಗೆ ಗೇಲಿ ಮಾಡದಿದ್ದರೆ ಬಾಯಿಬಿಟ್ಟು ಹೇಳುತ್ತಿದ್ದನೋ ಏನೋ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ನವೆಂಬರ್ ಮೊದಲ ವಾರ ಒಂದು ಕಾಗದ ಬಂತು. 'ವಿಲಿಯಂ ಫ್ಲೆಟ್, ಮೀನುಗಾರ' ಅಂತಷ್ಟೇ ವಿಳಾಸ, ಮೇಲೆ ನೌಕಾದಳದ ಮುದ್ರೆ. ವಿಲಿಯಂಗಳಲ್ಲಿ ಹಿರಿಯ ಬೆಣ್ಣೆ ಅಜ್ಜ. ಅವನ ಮಗ ನೌಕಾದಳದಲ್ಲಿದ್ದ. ನಾನು ಎರಡನೇ ಯೋಚನೆ ಮಾಡದೆ ಅಲ್ಲಿಗೆ ಒಯ್ದೆ. ಮುದ್ರೆ ನೋಡಿ ಅಜ್ಜನ ಮುಖ ಬಿಳಿಚಿಕೊಂಡಿತು.

"ಓದ್ಲಾ ಅಜ್ಜ?"

"ಬೇಡ. ಗಡಿಯಾರದ ಹಿಂದೆ ಇಡು. ನಿಧಾನಕ್ಕೆ ಓದಿಸ್ಕೋತೀನಿ."

ಅವನು ಓದಿಸಲಿಲ್ಲ. ಅಂಥ ಮುದ್ರೆಯ ಕಾಗದ ಬಂದ ಮನೆಯಲ್ಲೆಲ್ಲ ಅಳು ಎದ್ದದ್ದನ್ನು ಅವನು ಕಂಡಿದ್ದ. ಒಡೆಯದಿದ್ದಷ್ಟು ದಿನ ಮಗ ಬದುಕಿರುತ್ತಾನೆ ಅನ್ನುವುದು ಅವನ ಲೆಕ್ಕ. ಅವನನ್ನು ಬೈಯಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಜನವರಿಯಲ್ಲಿ ಆ ಮಗ ಚೀಲ ಹೆಗಲಿಗೆ ಹಾಕಿಕೊಂಡು ನಡೆದುಕೊಂಡೇ ಮನೆಗೆ ಬಂದ. ಅಜ್ಜ ಕುಣಿಯುವುದೊಂದು ಬಾಕಿ. ಕಾಗದ ಹಿಡಿದು ನನ್ನಲ್ಲಿಗೆ ಓಡಿಬಂದು, "ಈಗ ಓದೋ, ಈಗ್ಯಾವ ಹೆದರಿಕೆ," ಅಂದ. ಓದಿದೆ. ನವೆಂಬರ್ ಇಪ್ಪತ್ತರೊಳಗೆ ಬನ್ನಿ, ನಿಮಗೆ ಜಾಗ ಇಟ್ಟಿದ್ದೇವೆ, ಆ ಕೆಂಪು ಜೀವವನ್ನೂ ತನ್ನಿ ಎಂದಿತ್ತು. ಹಡಗು ಡಿಸೆಂಬರಿನಲ್ಲೇ ಹೊರಟು ಆಗಲೇ ಮೂರು ವಾರ ಆಗಿತ್ತು.

ಕೆಸರನಿಗೆ ಅದನ್ನು ಕೊಟ್ಟಾಗ ಅವನು ಎರಡು ಸಲ ಓದಿದ.

"ಹೆಸರಿನ ಪಕ್ಕ ಕೆಸರ ಅಂತ ಇರ್ಲಿಲ್ಲ ವಿಲ್ಲಿ," ಅಂದೆ.

"ನಾನೇ ಬರ್ದಿರ್ಲಿಲ್ಲ. ಅಷ್ಟು ದೊಡ್ಡವ್ರಿಗೆ ಹೆಂಗೆ ಬರೀಲಿ? ನಾಚ್ಕೆ ಆಯ್ತು."

ಕಾಗದ ಮಡಚುತ್ತ, "ಬೆಣ್ಣೆ ಅಜ್ಜನ ಮಗ ಬಂದ್ನಂತಲ್ಲ. ಒಳ್ಳೇದಾಯ್ತು," ಅಂದ. ಆಮೇಲೆ ಆ ಕೆಂಪು ಜೀವದ ಜಾಡಿಯನ್ನು ಎದೆಗವಚಿಕೊಂಡು ಕಡಲಿನ ಕಡೆ ನಡೆದ. ಭರತ ಏರುವ ಹೊತ್ತು. ಮರಳಿನಲ್ಲಿ ಕೂತ. ನೀರು ಕಾಲಿಗೆ ಬಂತು, ಸೊಂಟಕ್ಕೆ ಬಂತು, ಅವನು ಏಳಲಿಲ್ಲ. ಏಳುವ ಮನಸ್ಸೂ ಅವನಿಗೆ ಇರಲಿಲ್ಲ. ನಾನು ಕಲ್ಲಿನಂತೆ ನೋಡುತ್ತ ನಿಂತುಬಿಟ್ಟೆ. ಜಾನೆಟ್ ಓಡಿಬಂದು ನೀರಿಗಿಳಿದು, ಅವನನ್ನು ಬೆನ್ನಿಗೆ ಎಳೆದುಕೊಂಡು ದಡಕ್ಕೆ ಹೊತ್ತು ತಂದಳು. ಅವನು ಅವಳ ಹೆಗಲಲ್ಲಿ ಮುಖ ಹುದುಗಿಸಿ ಗೋಳೋ ಎಂದು ಅತ್ತ.

ಇನ್ನೂ ಹತ್ತೊಂಬತ್ತು ವರ್ಷ ಬದುಕಿದ. ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬೇರೆಯವರ ಗಾಳಕ್ಕೆ ಹುಳು ಅಗೆದ. ಆಮೇಲೆ ಒಂದು ಸಲವೂ ನನ್ನನ್ನು ಕಾಗದ ಕೇಳಲಿಲ್ಲ.

ಅವನು ತೀರಿಕೊಂಡ ಮೇಲೆ ಜಾನೆಟ್ ಸಮಾಧಿಯ ಕಲ್ಲಿನಲ್ಲಿ ಅಡ್ಡಹೆಸರನ್ನೂ ಕೆತ್ತಬೇಕೆಂದು ಹಟ ಹಿಡಿದಳು.

"ಗೋರಿ ಮೇಲೆ ಕೆಸರ ಅಂತ ಹಾಕೋದಾ ಅಮ್ಮ?" ಎಂದ ಕಲ್ಲುಕುಟಿಗ.

ಅವಳು ಉತ್ತರ ಕೊಟ್ಟದ್ದು ಅವನಿಗೆ, ನೋಡಿದ್ದು ನನ್ನನ್ನು. "ಹಾಕಪ್ಪ. ಕೊನೇ ದಿನ ದೇವ್ರು ಸತ್ತೋರನ್ನ ಎಬ್ಬಿಸೋಕೆ ವಿಲಿಯಂ ಫ್ಲೆಟ್ ಅಂತ ಕರೆದಾಗ ಬೆಣ್ಣೆ ಅಜ್ಜ ಎದ್ದು ಹೋಗೋದು ಬೇಡ."