ಹಿತ್ತಲಲ್ಲಿ ಎದ್ದ ಗುಡ್ಡ

ಕುಷ್ಟಗಿಯಲ್ಲಿ ನನ್ನದು ಪಂಪು-ಪೈಪಿನ ಅಂಗಡಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲ್ ಹಿಡಿದು ಆಟ ಆಡುತ್ತೇನೆ. ಮೀಸೆ ನರೆಯುತ್ತಿರುವವನಿಗೆ ಇದೆಲ್ಲ ಬೇಕೇ ಎಂದು ನಗುವವರು ನಗಲಿ, ನನಗೇನೂ ಬೇಜಾರಿಲ್ಲ. ಮಣ್ಣು, ಕಲ್ಲು, ನೀರು ಎಲ್ಲವೂ ಚೌಕ ಚೌಕ ತುಂಡಾಗಿರುವ ಆಟ ಅದು, ಅಗೆಯಬೇಕು, ಕಟ್ಟಬೇಕು. ಜೊತೆಗೆ ಆಡುವವಳು ಗಂಗಾವತಿಗೆ ಕೊಟ್ಟ ನನ್ನ ತಂಗಿ. ಅವಳು ಕಾಲೇಜಿಗೆ ಹೋಗುತ್ತಿದ್ದಾಗ ಇಬ್ಬರೂ ಸೇರಿ ನಮ್ಮೂರು ತಳಕಲ್ಲಿನ ಮಣ್ಣಿನ ಮಾಳಿಗೆ ಮನೆಯನ್ನು ಆಟದೊಳಗೆ ಇದ್ದ ಹಾಗೇ ಕಟ್ಟಿದ್ದೆವು. ಪಡಸಾಲೆ, ಎತ್ತು ಕಟ್ಟುವ ಜಾಗ, ಹಿಂದುಗಡೆ ಅವಳ ಖೋಲಿ.

ಹೋದ ವರ್ಷ ಆಟದ ಹೊಸ ಆವೃತ್ತಿ ಬಂತು. ದೊಡ್ಡ ಗುಡ್ಡಗಳಿವೆಯಂತೆ, ಹೊಳೆಗಳಿವೆಯಂತೆ ಎಂದು ಖುಷಿಯಿಂದ ಹಾಕಿಕೊಂಡೆ. ಅದು ನಾವು ಓಡಾಡಿದ ನೆಲವನ್ನು ಹಾಗೇ ಬಿಟ್ಟು, ಕಾಲಿಡದ ಕಡೆಯಲ್ಲಿ ಮಾತ್ರ ಹೊಸ ನೆಲ ಹುಟ್ಟಿಸುತ್ತದೆ. ಹಳೆಯದನ್ನೂ ಹೊಸದನ್ನೂ ಬೆಸೆಯುತ್ತೇನೆ ಅಂದಿತ್ತು. ನಮ್ಮ ಪಾಲಿಗೆ ಬೆಸೆಯಲಿಲ್ಲ. ಹಿತ್ತಲ ಅಂಚಿಗೆ ಸರಿಯಾಗಿ ಒಂದು ಗುಡ್ಡ, ಕೇಕು ಕೊಯ್ದ ಹಾಗೆ ನೆಟ್ಟಗೆ ಎದ್ದು ನಿಂತಿತ್ತು. ಅದರ ನೆತ್ತಿಗೆ ಬಂದ ಹೊಳೆ ಮುಂದೆ ದಾರಿ ಕಾಣದೆ ಸೀದಾ ನಮ್ಮ ಮಾಳಿಗೆಯ ಮೇಲೆ ಧುಮುಕಿ, ಬೆಳಕಿಂಡಿಯಿಂದ ತಂಗಿಯ ಖೋಲಿಗೆ ಇಳಿಯುತ್ತಿತ್ತು.

ನನಗೆ ತಲೆ ಕೆಟ್ಟಿತು. ಫೋನ್ ಹಚ್ಚಿದೆ. "ಇದನ್ನ ಅಳಸಿ ಹೊಸಾದು ಶುರು ಮಾಡೂಣು ತಗೋ. ಹೊಳಿ ದಂಡಿಗೆ ಛಲೋ ಮನಿ ಕಟ್ಟೂಣು."

ತಂಗಿ ಒಪ್ಪಲಿಲ್ಲ.

"ಊರಾಗಿನ ಮನಿ ಕೆಡವಿದ್ರಿ. ಹೊಸಾ ಮನ್ಯಾಗ ನನ್ನ ಖೋಲಿ ತುಂಬ ಗೊಬ್ಬರದ ಚೀಲ ಅದಾವು. ನಂದು ಅಂತ ಉಳದಿದ್ದು ಇದೊಂದ ಖೋಲಿ ಅಣ್ಣಾ. ಇದನ್ನೂ ಅಳಸ್ತೀಯೇನು?"

ಖರೇ ಮಾತು. ಅವಳ ಮದುವೆಯಾದ ಮೇಲೆ ಮಾಳಿಗೆ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದ್ದೆವು. ಅವಳಿಗೆಂದು ಬಿಟ್ಟ ಖೋಲಿಯಲ್ಲಿ ಯೂರಿಯಾ ಯಾವಾಗ ಬಂದು ಕೂತಿತೋ ನಮಗ್ಯಾರಿಗೂ ನೆನಪಿಲ್ಲ. ಅಳಿಸುವ ಮಾತನ್ನು ಅಲ್ಲಿಗೇ ಬಿಟ್ಟೆ.

ಗಂಗಾವತಿಯ ಗದ್ದೆ ಸೀಮೆಯ ಸೊಸೆಯಾದ ಅವಳು ಹೊಳೆಯನ್ನು ತಾನೇ ವಹಿಸಿಕೊಂಡು, ಕಾಲುವೆ ತೋಡಿ ಮನೆಯ ಸುತ್ತ ಹಾಯಿಸಿ ಆಚೆಗೆ ಒಯ್ದಳು. ಗುಡ್ಡ ಇಳಿಜಾರು ಮಾಡುವುದು ನನ್ನ ಪಾಲು. ವಾರಗಟ್ಟಲೆ ಕಡಿದು, ಹೆಮ್ಮೆಯಿಂದ ತೋರಿಸಿದೆ.

ಅವಳು ಬಿದ್ದು ಬಿದ್ದು ನಕ್ಕಳು. "ಅಯ್ಯ ಅಣ್ಣಾ! ಗುಡ್ಡ ಇಳಸು ಅಂದ್ರ ಹೊಲಕ್ಕ ಒಡ್ಡು ಹಾಕೀಯಲ್ಲೋ! ಇಲ್ಲಿ ಜ್ವಾಳ ಬಿತ್ತತೀಯೇನು?"

ನೋಡಿದರೆ ಹೌದು. ಮೆಟ್ಟಿಲು ಮೆಟ್ಟಿಲು ಮಾಡಿ, ಒಂದೊಂದರ ಅಂಚಿಗೂ ಅಚ್ಚುಕಟ್ಟಾಗಿ ಒಡ್ಡು ಹಾಕಿದ್ದೆ. ಮಳೆ ನಂಬಿ ಬೆಳೆದವನು ನಾನು, ಇಳಿಜಾರು ಕಂಡರೆ ಕೈ ತಾನೇ ನೀರು ಹಿಡಿಯಲು ಹೋಗುತ್ತದೆ. ಆ ಆಟದಲ್ಲಿ ಮಣ್ಣು ಕೊಚ್ಚಿ ಹೋಗುವುದೇ ಇಲ್ಲ!

ಆಮೇಲೆ ಹಳೆಯ ನೆಲಕ್ಕೆ ಹೊಸದನ್ನು ಬೆಸೆಯುವುದು ಹೇಗೆಂದು ಯೋಚಿಸುತ್ತ ಯಲಬುರ್ಗಾ ರಸ್ತೆಯ ಹೊಲಗಳನ್ನು ನೆನೆಸಿಕೊಂಡೆವು. ಅಲ್ಲಿ ಕಪ್ಪು ಎರೆ ಮಣ್ಣು ಮುಗಿದು ಕೆಂಪು ಮಸಾರಿ ಶುರುವಾಗುವ ಕಡೆ ಗೆರೆ ಅಂತ ಇಲ್ಲ. ಕಪ್ಪಿನಲ್ಲಿ ಕೆಂಪು ಅಷ್ಟಷ್ಟು ಬೆರೆಯುತ್ತ ಹೋಗುತ್ತದೆ. ಒಡ್ಡೆಲ್ಲ ಒಡೆದು, ಹಳೆಯ ಮಣ್ಣಿನಲ್ಲಿ ಹೊಸದನ್ನು, ಹೊಸದರಲ್ಲಿ ಹಳೆಯದನ್ನು ಚೆಲ್ಲಾಪಿಲ್ಲಿ ಇಟ್ಟೆವು. ಈಗ ಗಡಿ ಎಲ್ಲಿತ್ತು ಎಂದು ನನಗೂ ಹೇಳಲಾಗದು.

ಹೆಣ್ಣುಮಕ್ಕಳು ತವರಿಗೆ ಬರುವ ಪಂಚಮಿ ಹಬ್ಬ ಹತ್ತಿರ ಬಂತು. ತಂಗಿಯನ್ನು ಕರೆತರುವ ಮೊದಲು ತಳಕಲ್ಲಿಗೆ ಹೋಗಿ ಅವಳ ಖೋಲಿಯಿಂದ ಗೊಬ್ಬರದ ಚೀಲ ಹೊರಲು ಶುರು ಮಾಡಿದೆ.

"ಎಲ್ಲಿಗೆ ಒಯ್ಯಾಕ ಹತ್ತೀಪಾ?" ಎಂದ ಅಪ್ಪ.

"ಪಡಸಾಲಿಗೆ. ಖೋಲಿ ತಂಗೀದು."

"ಹಬ್ಬ ಮುಗದ ಮ್ಯಾಲೆ ಮತ್ತ ಒಳಗ ಇಡೂದಲ್ಲೇನು?"

"ಇಲ್ಲಪ್ಪಾ. ಆಕಿ ಬರದಿದ್ರೂ ಅದು ಆಕೀದ."

ಅಪ್ಪ ನನ್ನ ಮುಖ ನೋಡಿ, ಹೆಗಲ ಮೇಲಿನ ಟವೆಲ್ಲು ತಲೆಗೆ ಸುತ್ತಿಕೊಂಡು ಚೀಲದ ಇನ್ನೊಂದು ತುದಿ ಹಿಡಿದ.