ಕಟ್ಟೆಯ ಮೇಲೆ ಇಂಟರ್‌ಸೆಪ್ಟರ್, ಹೊರಸಿನ ಮೇಲೆ ಸ್ಟೆಲ್ತ್

ಹೋದ ತಿಂಗಳು ಹಗರಿಬೊಮ್ಮನಹಳ್ಳಿಯಲ್ಲಿ ಕಕ್ಷಿದಾರರೊಬ್ಬರ ಮನೆಯಲ್ಲಿ ಕಾಗದಪತ್ರ ನೋಡುತ್ತ ಕೂತಿದ್ದೆ. ಸಂಜೆ ಹೊತ್ತು, ಕರೆಂಟು ಹೋಯಿತು. ಇನ್ವರ್ಟರ್ ಕೆಟ್ಟಿತ್ತಂತೆ. ಆ ಮನೆಯ ಅಜ್ಜಿ ಅಟ್ಟದಿಂದ ಹಳೆಯ ಲಾಟೀನು ಇಳಿಸಿ, ಒರೆಸಿ, ಹಚ್ಚಿ ತಂದು ನನ್ನ ಮುಂದಿಟ್ಟರು. ಈಗ ರೇಷನ್ ಅಂಗಡಿಯಲ್ಲೂ ಸಿಗದ ಸೀಮೆಎಣ್ಣೆಯನ್ನು ಅವರು ಎಲ್ಲಿ ಬಚ್ಚಿಟ್ಟುಕೊಂಡಿದ್ದರೋ! ಬತ್ತಿ ಹತ್ತಿಕೊಂಡು ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಜಮೀನಿನ ಕಾಗದ ಯಾರದು, ತಕರಾರು ಏನು, ಎಲ್ಲ ಮರೆತುಹೋಯಿತು. ಕೊಟ್ಟೂರಿನ ಆ ಓಣಿ, ಆ ಪಂಪ್ ಸ್ಟವ್, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಚಹಾ ಕಾಸುತ್ತಿದ್ದ ನಮ್ಮ ಟ್ಯೂಷನ್ ಸರ್...

ಅವರು ವಾಯುಸೇನೆಯಲ್ಲಿ ರೇಡಾರ್ ಮುಂದೆ ಕೂತು ನೌಕರಿ ಮಾಡಿದವರು. ಶತ್ರು ವಿಮಾನ ಎಲ್ಲಿ ಬರುತ್ತಿದೆ ಎಂದು ಪರದೆಯ ಮೇಲೆ ನೋಡಿ, ಮೇಲೆ ಹಾರುತ್ತಿರುವ ನಮ್ಮ ಪೈಲಟ್‌ಗೆ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ದಾರಿ ಹೇಳುವ ಕೆಲಸ. ನಿವೃತ್ತರಾಗಿ ಊರಿಗೆ ಬಂದು ಪಿಯುಸಿ ಹುಡುಗರಿಗೆ ಫಿಜಿಕ್ಸ್ ಪಾಠ ಹೇಳುತ್ತಿದ್ದರು. ಮಡದಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸ್ಟವ್‌ಗೆ ಪಂಪ್ ಹೊಡೆಯುತ್ತ, ಈ ಎಣ್ಣೆಯನ್ನೇ ಇನ್ನಷ್ಟು ಶುದ್ಧ ಮಾಡಿದರೆ ಜೆಟ್ ವಿಮಾನಕ್ಕೆ ಹಾಕುವ ಎಣ್ಣೆಯಾಗುತ್ತದೆ ಎಂದು ಹೇಳಿ, ನಾವು ನಂಬಿದೆವೋ ಇಲ್ಲವೋ ಎಂದು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಅವರ ಚಹಾ ಕೂಡ ಸ್ವಲ್ಪ ಸೀಮೆಎಣ್ಣೆ ವಾಸನೆಯೇ ಹೊಡೆಯುತ್ತಿತ್ತು. ಕುಡಿದೇ ಕುಡಿಯುತ್ತಿದ್ದೆವು.

ಅದು ಕಾರ್ಗಿಲ್ ಯುದ್ಧ ಮುಗಿದ ವರ್ಷ. ಬಸ್‌ಸ್ಟ್ಯಾಂಡಿನಿಂದ ಹಿಡಿದು ಮಿರ್ಚಿ ಅಂಗಡಿಯವರೆಗೆ ಎಲ್ಲರ ಬಾಯಲ್ಲೂ ವಿಮಾನದ ಮಾತೇ. ನಮ್ಮ ಟ್ಯೂಷನ್‌ನಲ್ಲೂ ಲೆಕ್ಕ ಮುಗಿದ ಮೇಲೆ ಅದೇ. ಆದರೆ ಸರ್ ಮನೆಯಲ್ಲಿ ಸುಮ್ಮನೆ ಹರಟುವಂತಿರಲಿಲ್ಲ. ಬಾಗಿಲ ಮುಂದೆ ಒಂದು ಕಲ್ಲಿನ ಕಟ್ಟೆ, ಅದರ ಎದುರಿಗೆ ಒಂದು ಹೊರಸು, ಅಂದರೆ ಹಗ್ಗ ಹೆಣೆದ ಮಂಚ. ಕಟ್ಟೆಯ ಮೇಲೆ ಕೂತವರು ಇಂಟರ್‌ಸೆಪ್ಟರ್ ಪರ, ಅಂದರೆ ದಾಳಿಗೆ ಬರುವವರನ್ನು ನುಗ್ಗಿ ಹೋಗಿ ಅಡ್ಡಗಟ್ಟುವ ವಿಮಾನದ ಪರ ಮಾತಾಡಬೇಕು. ಹೊರಸಿನ ಮೇಲೆ ಕೂತವರು ಸ್ಟೆಲ್ತ್ ಪರ, ರೇಡಾರ್‌ಗೆ ಸಿಗದಂತೆ ಕದ್ದು ಬರುವ ವಿಮಾನದ ಪರ. ನಿಮ್ಮ ಮಾತು ಶುರುಮಾಡುವ ಮುಂಚೆ ಎದುರಿನವರ ಮಾತನ್ನು ಅವರಿಗಿಂತ ಚೆನ್ನಾಗಿ ನೀವೇ ಹೇಳಬೇಕು. ಅವರು ‘ಹೌದು, ಅದನ್ನೇ ನಾನು ಹೇಳಿದ್ದು’ ಎಂದು ತಲೆಯಾಡಿಸಬೇಕು. ಆಮೇಲೆ ನಿಮ್ಮ ಸರದಿ. ಚಹಾ ಬಂತೋ, ಎಲ್ಲರೂ ಎದ್ದು ಜಾಗ ಬದಲಿಸಬೇಕು. ಅಷ್ಟು ಹೊತ್ತು ಗಂಟಲು ಹರಿದುಕೊಂಡು ಬೈದ ವಿಮಾನವನ್ನು ಈಗ ಹೊಗಳಬೇಕು.

ನಾನು ಮೊದಲೇ ಬಾಯಿಬಡುಕಿ. ನನಗೆ ಇದು ಹಸಿದವಳಿಗೆ ಹೋಳಿಗೆ ಸಿಕ್ಕಂತೆ. ಹೊರಸಿನ ಮೇಲೆ ಕೂತರೆ, ಇಂಟರ್‌ಸೆಪ್ಟರ್ ಕಾಲ ಮುಗಿಯಿತು ಎಂದು ವಾದಿಸುತ್ತಿದ್ದೆ: ಅದು ಬಾಣದ ಹಾಗೆ ಮೇಲೇರುತ್ತದೆ ನಿಜ, ಆದರೆ ಹೊಟ್ಟೆಯಲ್ಲಿ ಎಣ್ಣೆ ಕಡಿಮೆ, ಹೋದಷ್ಟೇ ಬೇಗ ವಾಪಸು ಓಡಿ ಬರಬೇಕು, ಕೆಳಗಿನಿಂದ ಯಾರೋ ದಾರಿ ಹೇಳದಿದ್ದರೆ ಕುರುಡು, ಈಗ ಶತ್ರು ದೂರದಲ್ಲೇ ನಿಂತು ಕ್ಷಿಪಣಿ ಬಿಟ್ಟು ಹೋಗುತ್ತಾನೆ, ಇದು ಯಾರನ್ನು ಅಡ್ಡಗಟ್ಟುತ್ತದೆ? ಚಹಾ ಕುಡಿದು ಕಟ್ಟೆಗೆ ಬಂದರೆ ನನ್ನ ಮಾತನ್ನೇ ನಾನು ಸಿಗಿದು ಹಾಕಬೇಕು: ಸ್ಟೆಲ್ತ್ ಎಂದರೆ ಮಾಯವಾಗುವುದಲ್ಲ, ಮೈಯ ಆಕಾರದಿಂದ, ಲೇಪನದಿಂದ ರೇಡಾರ್‌ಗೆ ಸಣ್ಣದಾಗಿ ಕಾಣುವುದು ಅಷ್ಟೇ, ಬಾಂಬಿನ ಬಾಗಿಲು ತೆರೆದಾಗ ಹೆಚ್ಚು ಕಾಣುತ್ತದೆ, ಇಂಜಿನ್ನಿನ ಬಿಸಿಯನ್ನು ಪೂರ್ತಿ ಮುಚ್ಚಿಡಲು ಆಗುವುದಿಲ್ಲ, ಉದ್ದ ತರಂಗದ ಹಳೆಯ ರೇಡಾರ್‌ಗೆ ಎಷ್ಟೋ ಸಲ ಸುಳಿವು ಕೊಟ್ಟುಬಿಡುತ್ತದೆ. ಅದೇ ವರ್ಷ ಯುರೋಪಿನ ಒಂದು ಯುದ್ಧದಲ್ಲಿ ಅಂಥ ಕರಿ ವಿಮಾನವೊಂದು ಹಳೆಯ ಕಾಲದ ಕ್ಷಿಪಣಿಗೆ ಸಿಕ್ಕಿ ಬಿದ್ದಿತ್ತು. ದಿನಾ ಒಂದೇ ದಾರಿಯಲ್ಲಿ ಬರುವ ಕಳ್ಳ ಎಂದಾದರೂ ಒಂದು ದಿನ ಸಿಗುತ್ತಾನೆ ಎಂದು ಸರ್ ಅದಕ್ಕೆ ಷರಾ ಬರೆದಿದ್ದರು.

ಒಂದು ಸಂಜೆ ಹೊರಸಿನ ಮೇಲಿದ್ದಾಗ ಮಾತಿನ ಭರದಲ್ಲಿ ಸರ್ ಅವರನ್ನೇ ಕೇಳಿಬಿಟ್ಟೆ. ಪರದೆಯ ಮೇಲೆ ಏನೂ ಕಾಣದ ಕಾಲ ಬಂದರೆ ನಿಮ್ಮಂಥವರು ಅಲ್ಲಿ ಕೂತು ಮಾಡುವುದಾದರೂ ಏನು ಎಂದು. ಅವರು ಚಹಾದ ಲೋಟ ತೊಳೆಯಲು ಒಳಗೆ ಹೋದರು. ಮರುದಿನ ಪಾಠ ಶುರುವಾಗುವ ಮುಂಚೆ ನನ್ನ ಕಡೆ ತಿರುಗಿ ಹೇಳಿದರು, “ನೀ ಕೇಳಿದ್ದು ಖರೆ ಐತವ್ವಾ. ನಾ ಮಾಡಿದ ಕೆಲಸಕ್ಕ ಮಿತಿ ಇತ್ತು. ಅದನ್ನ ಒಪ್ಪಿಕೊಳ್ಳಾಕ ನನಗ ಒಂದು ರಾತ್ರಿ ಬೇಕಾತು ನೋಡು.” ದೊಡ್ಡವರು ಹಾಗೆ ಒಪ್ಪಿಕೊಳ್ಳುವುದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಆಮೇಲೂ, ಕೋರ್ಟು ಕಚೇರಿ ಸುತ್ತಿಯೂ, ನೋಡಿದ್ದು ಕಡಿಮೆಯೇ.

ಹೀಗಿರುವಾಗ ನನ್ನನ್ನು ನೋಡಲು ಹರಪನಹಳ್ಳಿಯಿಂದ ಗಂಡಿನ ಕಡೆಯವರು ಬಂದರು. ನಾನಿನ್ನೂ ಎರಡನೇ ಪಿಯುಸಿ. ಪರೀಕ್ಷೆ ಮುಗಿದ ಮೇಲೆ ಮದುವೆ, ಈಗ ಬರೀ ನೋಡಿ ಹೋಗುತ್ತಾರೆ ಎಂದು ಅವ್ವ ಸಮಾಧಾನ ಹೇಳಿ ಸೀರೆ ಉಡಿಸಿದಳು. ಮುಂದೆ ಏನು ಓದಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಓದಬೇಕು ಎಂಬುದು ಮಾತ್ರ ಗೊತ್ತಿತ್ತು. ಆದರೂ ಆ ದಿನ ಹಟ ಮಾಡಲಿಲ್ಲ, ದೇವರಾಣೆ. ತಲೆ ಬಗ್ಗಿಸಿ ಚಹಾ ಕೊಟ್ಟು ಚಾಪೆಯ ಮೇಲೆ ಕೂತೆ. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹುಡುಗನ ಸೋದರಮಾವ ಯುದ್ಧದ ಮಾತು ತೆಗೆದರು. ಅಮೆರಿಕದವರ ಹತ್ತಿರ ಒಂದು ವಿಮಾನ ಐತಿ, ಎದುರಿಗೆ ಬಂದು ನಿಂತರೂ ಕಣ್ಣಿಗೆ ಕಾಣುವುದಿಲ್ಲ, ಮಂತ್ರ ಹಾಕಿದಂತೆ ಮಾಯ ಎಂದರು. ಅಪ್ಪ ಹೌದೌದು ಎಂದ.

ನನ್ನ ಬಾಯಿ ತಾನೇ ತೆರೆದುಕೊಂಡಿತು. ಅದೂ ಹೇಗೆ? ಟ್ಯೂಷನ್‌ನ ಪದ್ಧತಿಯಂತೆ. ಮೊದಲು ಅವರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಿದೆ. ಮಾವನವರಿಗೆ ಖುಷಿಯೋ ಖುಷಿ. ಹುಡುಗಿ ಶಾಣ್ಯಾಳ ಎಂದು ಮೀಸೆ ತಿರುವಿದರು. ಆಮೇಲೆ ‘ಆದರ’ ಎಂದು ಶುರುಮಾಡಿ ಒಂದೊಂದೇ ಕಿತ್ತು ಹಾಕಿದೆ. ಕಣ್ಣಿಗೆ ಕಾಣುತ್ತದೆ, ಅದಕ್ಕೇ ಕರಿ ಬಣ್ಣ ಬಳಿದು ಕತ್ತಲಲ್ಲಿ ಹಾರಿಸುತ್ತಾರೆ ಎಂದೆ. ಯುರೋಪಿನಲ್ಲಿ ಒಂದು ಬಿದ್ದದ್ದನ್ನೂ ಹೇಳಿದೆ. ಅವರ ಮುಖ ಬಿಗಿಯಿತು. ಅಷ್ಟರಲ್ಲಿ ಅವ್ವ ಎರಡನೇ ಸಲ ಚಹಾ ತಂದಳು ನೋಡಿ... ಚಹಾ ಬಂದರೆ ಜಾಗ ಬದಲಿಸಬೇಕಲ್ಲ! ರೂಢಿ ಎಂಬುದು ಕೆಟ್ಟದ್ದು. ನಾನು ಎದ್ದು ನಿಂತು, ಮನೆಗೆ ಬಂದ ಬೀಗರಾಗುವ ಆ ಹಿರಿಯರಿಗೆ, ಅವರು ಕೂತ ಕುರ್ಚಿಯನ್ನೇ ತೋರಿಸಿ ಹೇಳಿದೆ:

“ಈಗ ನೀವು ಈ ಕಡೆ ಚಾಪಿ ಮ್ಯಾಲ ಬರ್ರಿ, ನಾ ಅಲ್ಲಿ ಕುಂದರತೀನಿ.”

ಮಾವನವರು ಚಹಾದ ಕಪ್ಪು ಕೆಳಗಿಟ್ಟರು. ಹುಡುಗ ಮಾತ್ರ ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಗುತ್ತಿದ್ದ. ಪಾಪ, ಒಳ್ಳೆಯವನಿದ್ದನೋ ಏನೋ.

ಎರಡೇ ದಿನಕ್ಕೆ ಮಧ್ಯಸ್ಥಗಾರನ ಕೈಲಿ ಮಾತು ಬಂತು. ಹುಡುಗಿ ಭಾಳ ಶಾಣ್ಯಾಳ, ನಮ್ಮ ಮನೆಗೆ ಅಷ್ಟು ಶಾಣೇತನ ಬೇಡ. ಅವ್ವ ಒಲೆಯ ಮುಂದೆ ಕೂತು, “ಮಾತು ಮನಿ ಕೆಡಿಸ್ತು, ತೂತು ಒಲಿ ಕೆಡಿಸ್ತು” ಎಂದು ದಿನವಿಡೀ ಅದನ್ನೇ ಜಪ ಮಾಡಿದಳು. ಅಪ್ಪ ಬೈಯಲಿಲ್ಲ. ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಎದುರು ಕೂಡ ಮೆಲ್ಲಗೆ ಮಾತಾಡುವ ಮನುಷ್ಯ ಅವನು. ಅಂಗಡಿಯಿಂದ ಬಂದು ಬೀಗದ ಕೈ ಗೂಟಕ್ಕೆ ಹಾಕಿ, ನಾಳೆಯಿಂದ ಕಾಲೇಜು ಬೇಡ, ಟ್ಯೂಷನ್ ಮೊದಲೇ ಬೇಡ ಎಂದ. ಅಷ್ಟೇ. ಬೈದಿದ್ದರೆ ತಿರುಗಿ ವಾದ ಮಾಡುತ್ತಿದ್ದೆ. ಅವನ ಆ ಸಣ್ಣ ದನಿಗೆ ಏನು ಹೇಳಲಿ? ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದೆ. ಪರೀಕ್ಷೆ ಬರುವುದಿತ್ತು. ಅಲ್ಲಿಗೆ ನನ್ನ ಓದು ಮುಗಿಯಿತು ಎಂದು ಅತ್ತೆ.

ಕೊಟ್ಟೂರಿನಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ಆ ಭಾನುವಾರ ಬೆಳಿಗ್ಗೆ ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಮ್ಮ ಮನೆಗೆ ಬಂದರು. ಅವರು ಅದಕ್ಕೂ ಮುಂಚೆ ಯಾವತ್ತೂ ಬಂದವರಲ್ಲ. ಅಪ್ಪ ಮುಖ ಗಂಟಿಕ್ಕಿಕೊಂಡೇ ಬರ್ರಿ ಎಂದ, ಎದುರಿನ ಕುರ್ಚಿ ತೋರಿಸಿದ. ಬುದ್ಧಿ ಹೇಳಲು ಬಂದಿದ್ದಾರೆ, ಏನೇ ಹೇಳಲಿ ಒಪ್ಪಬಾರದು ಎಂದು ಅವನು ಸಜ್ಜಾಗಿ ಕೂತದ್ದು ನನಗೆ ಒಳಗಿನಿಂದಲೇ ಗೊತ್ತಾಗುತ್ತಿತ್ತು. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ನೀವು ಮಾಡಿದ್ದು ಸರಿ ಐತ್ರಿ,” ಎಂದರು ಸರ್.

ನನ್ನ ಜೀವವೇ ಹೋಯಿತು. ಅವರು ಮುಂದುವರಿಸಿದರು. ಸಣ್ಣ ಊರು, ಒಂದು ಮಾತು ಹೊರಬಿತ್ತೆಂದರೆ ಮುಂದೆ ಬರುವ ಸಂಬಂಧಗಳಿಗೂ ಅಡ್ಡಿ. ಹೆಣ್ಣು ಹೆತ್ತವರ ಸಂಕಟ ಮಕ್ಕಳಿಲ್ಲದ ತನಗೆ ಹೇಗೆ ತಿಳಿಯಬೇಕು? ವಾದ ಮಾಡುವುದನ್ನು ಕಲಿಸಿದ ತಾನು ಎಲ್ಲಿ ವಾದ ಮಾಡಬಾರದು ಎಂಬುದನ್ನು ಕಲಿಸಲಿಲ್ಲ. ನಾಳೆ ಏನಾದರೂ ಆದರೆ ಊರಿನವರು ಮಾತಾಡುವುದು ನಿಮ್ಮ ಬಗ್ಗೆ, ಮಾಸ್ತರನ ಬಗ್ಗೆ ಅಲ್ಲ. ಅಪ್ಪ ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡು ನುಂಗುತ್ತಿದ್ದದ್ದನ್ನೆಲ್ಲ ಅವರು ಅಪ್ಪನಿಗಿಂತ ಚೆನ್ನಾಗಿ ಹೇಳಿದರು. ಅಪ್ಪನ ಭುಜ ಸಡಿಲಾಯಿತು. ಹೌದ್ರಿ, ಅದನ್ನ ನಾ ಅಂದದ್ದು ಎಂದು ತಲೆಯಾಡಿಸಿದ.

ಆಗ ಸರ್ ಎದ್ದು ನಿಂತರು. ಹೊರಡುತ್ತಾರೆ ಎಂದುಕೊಂಡು ಅಪ್ಪನೂ ಎದ್ದ. ಸರ್ ಹೋಗಿ ಅಪ್ಪ ದಿನಾ ಕೂರುವ ಕುರ್ಚಿಯಲ್ಲಿ ಕೂತುಬಿಟ್ಟರು.

“ನೀವು ಆ ಕಡೆ ಕುಂದರ್ರಿ. ಈಗ ನಾ ಹುಡುಗಿ ಅಪ್ಪ, ನೀವು ಮಾಸ್ತರು. ಹೇಳ್ರಿ ಮಾಸ್ತರ್ರ, ಆಕಿನ್ನ ನಾ ಯಾಕ ಓದಸಬೇಕು?”

ಅಪ್ಪ ಪೆಚ್ಚಾಗಿ ನಿಂತ. ಸಿಟ್ಟು ಬರುತ್ತದೆ ಎಂದು ನಾನು ಬಾಗಿಲ ಸಂದಿಯಲ್ಲಿ ಉಸಿರು ಹಿಡಿದೆ. ಏನನಿಸಿತೋ, ಮೆಲ್ಲಗೆ ಹೋಗಿ ಎದುರಿನ ಕುರ್ಚಿಯಲ್ಲಿ ಕೂತ. ಕೈ ಕೈ ಹಿಸುಕಿದ. ಮೊದಲು ಮಾರ್ಕ್ಸ್ ಚಲೋ ಬರ್ತಾವ ಎಂದ. ಸರ್ ತಲೆಯಾಡಿಸಲಿಲ್ಲ. ಡಿಗ್ರಿ ಓದಿದ ಹುಡುಗಿಗೆ ಒಳ್ಳೆಯ ಗಂಡೂ ಸಿಗಬಹುದು ಎಂದ. ಸರ್ ಇನ್ನೂ ಸುಮ್ಮನೆ. ಅಪ್ಪ ನೆಲ ನೋಡುತ್ತಲೇ ಮತ್ತೆ ಶುರುಮಾಡಿದ.

“ನಮ್ಮಪ್ಪ ನನ್ನ ಸಾಲಿ ಬಿಡಿಸಿ ಅಂಗಡ್ಯಾಗ ಕುಂದರಿಸಿದ್ರಿ. ನಾ ಓದ್ತೀನಿ ಅನ್ನಬೇಕಂತ ಇತ್ತು. ಬಾಯಿ ಬರಲಿಲ್ಲ. ಇವತ್ತಿಗೂ ಬರಂಗಿಲ್ಲ ನನಗ. ಆಕಿಗೆ ಬರತೈತಿ... ಅದನ್ನ ನಾನ ಹೆಂಗ ಮುಚ್ಚಿಸಲಿ?”

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಸಂಗತಿ ಅವಳಿಗೂ ಗೊತ್ತಿರಲಿಲ್ಲ. ಸರ್ ಒಂದು ಎದುರು ಮಾತೂ ಆಡಲಿಲ್ಲ. ಹುಡುಗಿಯ ಅಪ್ಪನಾಗಿಯೇ ಕೈ ಮುಗಿದು, “ಆತ್ರಿ ಮಾಸ್ತರ್ರ, ನಾಳಿಂದ ಕಳಸ್ತೀನಿ” ಎಂದು ಎದ್ದು, ಚಪ್ಪಲಿ ಮೆಟ್ಟಿ ಹೊರಟೇಹೋದರು. ಅಪ್ಪ ಮಾಸ್ತರನ ಕುರ್ಚಿಯಲ್ಲಿ ಕೂತೇ ಇದ್ದ.

ಮರುದಿನ ಕಾಲೇಜಿಗೆ ಹೋದೆ. ಪಿಯುಸಿ ಆಯಿತು, ಮುಂದೆ ಕಾನೂನು ಓದಿದೆ. ಈಗ ಕೂಡ್ಲಿಗಿ, ಹರಪನಹಳ್ಳಿ ಕೋರ್ಟುಗಳಲ್ಲಿ ಅನ್ನ ದುಡಿಯುತ್ತೇನೆ. ಕೇಸು ತಗೊಂಡರೆ ಎದುರು ವಕೀಲರ ವಾದವನ್ನು ಮೊದಲು ನಾನೇ ಬರೆದಿಟ್ಟುಕೊಳ್ಳುತ್ತೇನೆ. ನನ್ನ ಜೂನಿಯರ್‌ಗಳಿಗೆ ಇದೊಂದು ಹುಚ್ಚು ಎನ್ನಿಸುತ್ತದೆ. ಅನ್ನಿಸಲಿ. ಮದುವೆಯೂ ಆಯಿತು ಅನ್ನಿ, ನಾನು ಮಾತಾಡಿದರೆ ನಗುವ ಮನುಷ್ಯನ ಜೊತೆ. ಇದೆಲ್ಲ ಆ ಒಂದು ಭಾನುವಾರದ ಋಣ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಸರ್ ಮುಂದೆ ಹೇಳುವುದೊಂದೇ ಆಗಲಿಲ್ಲ. ವಯಸ್ಸಾದ ಮೇಲೆ ಅವರು ಹಡಗಲಿ ಕಡೆ, ಮಾಗಳದ ತಂಗಿಯ ಮನೆಗೆ ಹೋಗಿ ಅಲ್ಲೇ ಉಳಿದರು. ಹೊಳೆಯ ದಂಡೆಯ ಊರು, ಗಾಳಿ ಚೆನ್ನಾಗಿದೆ ಎಂದು ಹೇಳಿ ಕಳಿಸಿದ್ದರಂತೆ. ಹೋಗಬೇಕು ಹೋಗಬೇಕು ಎನ್ನುವುದರಲ್ಲೇ ಒಂದು ದಿನ ಅವರು ತೀರಿಕೊಂಡ ಸುದ್ದಿ ಬಂತು, ಅದೂ ಮಣ್ಣಾಗಿ ಎಷ್ಟೋ ದಿನದ ಮೇಲೆ...

ಇದನ್ನು ಬರೆಯುವ ಮುಂಚೆ ಅಪ್ಪನಿಗೆ ಫೋನು ಮಾಡಿದೆ. ಅವನು ಈಗಲೂ ಅಂಗಡಿಗೆ ಹೋಗುತ್ತಾನೆ, ಈಗಲೂ ಮಾತು ಕಡಿಮೆ. ನಿನ್ನ ವಿಷಯವೂ ಬರುತ್ತದೆ, ಬರೆಯಲಾ ಎಂದು ಕೇಳಿದೆ. ಬರಿ ಎಂದ. ಫೋನು ಇಡುತ್ತಾನೆ ಎಂದುಕೊಂಡೆ, ಇಡಲಿಲ್ಲ.

“ನಾ ಮಾಗಳಕ್ಕ ಹೋಗಿದ್ದೆ,” ಎಂದ. “ಅವರು ಇದ್ದಾಗ. ಭಾಳ ಸಲ ಹೋಗೀನಿ. ನಿನಗ ಹೇಳಿಲ್ಲ.”

ಇಬ್ಬರೂ ಏನು ಮಾಡುತ್ತಿದ್ದಿರಿ ಅಲ್ಲಿ ಎಂದು ಕೇಳಿದೆ.

“ಏನಿಲ್ಲ. ಹೊಳಿ ದಂಡಿಗೆ ಕುಂದರತಿದ್ವಿ. ಅವರು ಸುಮ್ಮನ ಇರತಿದ್ರು. ನಾ ಮಾತಾಡತಿದ್ದೆ.”