ನಾರ್ವೆಯವರ ಸಮಾಧಿಗಳ ನಡುವೆ ಒಂದು ಕನ್ನಡದ ಕಲ್ಲು

ನನ್ನ ಹೆಂಡತಿಯನ್ನು ಮಣ್ಣು ಮಾಡಿದ್ದು ಉತ್ತರ ಕೆರೊಲಿನಾದ ಒಂದು ಹಳ್ಳಿ ಚರ್ಚಿನ ಹಿಂದೆ. ಅದನ್ನು ಕಟ್ಟಿದವರು ನಾರ್ವೆಯಿಂದ ಬಂದ ರೈತರು. ಮಂಗಳೂರಿನ ಹೆಣ್ಣುಮಗಳೊಬ್ಬಳು ಅವರ ನಡುವೆ ಹೋಗಿ ಮಲಗಿದ್ದು ಹೇಗೆ ಎಂದು ನಮ್ಮ ಸಂಬಂಧಿಕರು ಈಗಲೂ ಫೋನಿನಲ್ಲಿ ಕೇಳುತ್ತಾರೆ.

ಎರಡು ಸಾವಿರದ ಇಪ್ಪತ್ತರ ಜನವರಿ. ನಾವು ಜರ್ಮನ್‌ಟೌನ್ ಬಿಟ್ಟು ಉತ್ತರ ಕೆರೊಲಿನಾದ ಕ್ಯಾರಿ ಪಟ್ಟಣಕ್ಕೆ ಬಂದು ಹೆಚ್ಚು ಸಮಯವಾಗಿರಲಿಲ್ಲ. ಒಂದು ಭಾನುವಾರ ಸಮುದ್ರ ನೋಡಲೆಂದು ಪೂರ್ವಕ್ಕೆ ಹೊರಟಿದ್ದೆವು. ಹೆದ್ದಾರಿ ಬಿಟ್ಟು ಗೆಣಸಿನ ಹೊಲಗಳ ನಡುವೆ ಹೋಗುತ್ತಿದ್ದಾಗ ಅವಳು ನನ್ನ ತೋಳು ಹಿಡಿದಳು.

“ನೋಡಿ, ಅಲ್ಲೊಂದು ಚರ್ಚ್ ಉಂಟು. ಸ್ವಲ್ಪ ನಿಲ್ಸಿ ಮಾರಾಯ್ರೆ.”

“ಪರಿಚಯ ಇಲ್ಲದ ಜನ. ಏನಂದ್ಕೊಳ್ತಾರೋ.”

“ಆರಾಧನೆಗೆ ಬಂದವ್ರನ್ನ ಯಾರಾದ್ರೂ ಓಡಿಸ್ತಾರಾ?”

ಬಿಳಿ ಬಣ್ಣದ ಮರದ ಕಟ್ಟಡ. ಒಳಗೆ ಮುಂದಿನ ಬೆಂಚುಗಳಲ್ಲಿ ಕೆಲವೇ ನರೆತಲೆಗಳು. ನಾರ್ವೆಯ ಚರ್ಚುಗಳ ರೂಢಿಯಂತೆ ಸೂರಿನಿಂದ ಒಂದು ಪುಟ್ಟ ಹಡಗಿನ ಪ್ರತಿಕೃತಿ ತೂಗುತ್ತಿತ್ತು. ಆರ್ಗನ್ ಮುಂದೆ ಕುಳಿತಿದ್ದ ಮುದುಕಿ ಒಂದು ರಾಗ ಎತ್ತಿಕೊಂಡರು. ಅದು ನಮಗೆ ಗೊತ್ತಿದ್ದ ರಾಗ. ಹಿಂದೆ ಜರ್ಮನ್ ಮಿಷನರಿಗಳು ಮಂಗಳೂರಿಗೂ ಅದನ್ನು ತಂದಿದ್ದರು. ನಾನು ಗುನುಗಿದೆ. ಅವಳು ಮಾತ್ರ ಕನ್ನಡದ ಪದಗಳಲ್ಲೇ ಗಟ್ಟಿಯಾಗಿ ಹಾಡಿಬಿಟ್ಟಳು.

ಆರಾಧನೆ ಮುಗಿದದ್ದೇ ಆ ಮುದುಕಿ ನೇರ ನಮ್ಮ ಬಳಿಗೆ ಬಂದರು. “ಅದು ಯಾವ ಭಾಷೆ?” ಎಂದು ಕೇಳಿ, ಉತ್ತರ ಕೇಳಿಸಿಕೊಂಡು, “ನನ್ನ ಅಜ್ಜಿ ಇದನ್ನೇ ನಾರ್ವೆ ಭಾಷೆಯಲ್ಲಿ ಹಾಡುತ್ತಿದ್ದಳು. ನನಗೆ ಒಂದು ಸಾಲೂ ಬರುವುದಿಲ್ಲ,” ಎಂದರು.

ಅಂದು ನಾವು ಸಮುದ್ರಕ್ಕೆ ಹೋಗಲಿಲ್ಲ. ಚರ್ಚಿನ ಹಾಲ್‌ನಲ್ಲಿ ಕಾಫಿ ಕುಡಿಯುತ್ತ ಅವರ ಮಾತು ಕೇಳುತ್ತ ಕುಳಿತೆವು. ಅವರ ಹಿರಿಯರು ಮೊದಲು ಹೋಗಿದ್ದು ಮಿನೆಸೋಟಾಗೆ. ಅಲ್ಲಿಯ ಚಳಿಗೆ ಸೋತಿದ್ದವರಿಗೆ, ದಕ್ಷಿಣದಲ್ಲಿ ಅಗ್ಗದ ಭೂಮಿ ಇದೆ, ಹಿಮ ಬೀಳುವುದಿಲ್ಲ ಎಂದು ಯಾರೋ ಆಸೆ ಹುಟ್ಟಿಸಿದರು. ಬಂದು ನೋಡಿದರೆ ಜೌಗು. ಮೊದಲ ಬೇಸಿಗೆಯಲ್ಲೇ ಜ್ವರ ಬಂದು ಮಕ್ಕಳು ಸತ್ತರು. ಹೂಳಲು ಜಾಗ ಬೇಕಾಯಿತು. ಒಂದು ತುಂಡು ನೆಲಕ್ಕೆ ಬೇಲಿ ಹಾಕಿದರು. ಮಕ್ಕಳನ್ನು ಬಿಟ್ಟು ಬೇರೆಡೆ ಹೋಗಲು ತಾಯಂದಿರು ಒಪ್ಪಲಿಲ್ಲ. ಆ ಬೇಲಿಯ ಪಕ್ಕದಲ್ಲೇ ಚರ್ಚ್ ಎದ್ದಿತು.

“ಇಲ್ಲಿ ಮೊದಲು ಬಂದದ್ದು ಸಮಾಧಿ. ಚರ್ಚ್ ಆಮೇಲೆ,” ಎಂದರು ಅವರು. ಮೊದಲ ಮಹಾಯುದ್ಧದ ಹೊತ್ತಿಗೆ ಸುತ್ತಲಿನವರು ಅವರ ಮಾತನ್ನು ಜರ್ಮನ್ ಎಂದುಕೊಂಡು ಸಿಟ್ಟಾದರಂತೆ. ಆಗ ಪ್ರಾರ್ಥನೆ ಇಂಗ್ಲಿಷಿಗೆ ಬದಲಾಯಿತು. ಬಲಿಪೀಠದ ಮೇಲಿನ ನಾರ್ವೆ ಭಾಷೆಯ ಸಾಲನ್ನು ಓದಿ ಅರ್ಥ ಹೇಳಬಲ್ಲವರು ಆ ಸಭೆಯಲ್ಲಿ ಈಗ ಒಬ್ಬರೂ ಉಳಿದಿರಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಅಲ್ಲಿಗೇ ಹೋಗತೊಡಗಿದೆವು. ಮಾರ್ಚ್ ತಿಂಗಳಲ್ಲಿ ಕೋವಿಡ್ ಬಂತು. ಚರ್ಚಿನ ಬಾಗಿಲು ಮುಚ್ಚಿ, ಪಾರ್ಕಿಂಗ್ ಲಾಟಿನಲ್ಲಿ ಆರಾಧನೆ ಶುರುವಾಯಿತು. ಪಾಸ್ಟರ್ ಮೆಟ್ಟಿಲ ಮೇಲೆ ನಿಂತು ಮಾತಾಡುವರು. ನಾವು ಕಾರಿನೊಳಗೆ ಕುಳಿತು ರೇಡಿಯೊದಲ್ಲಿ ಕೇಳುವೆವು. ಒಂದೊಂದೇ ಕಾರು ಬರುವುದು ನಿಂತಿತು. ಯಾರಿಗೆ ಏನಾಯಿತು ಎಂದು ಕೇಳಲು ಭಯವಾಗುತ್ತಿತ್ತು.

ಮರುವರ್ಷ ಆಗಸ್ಟಿನಲ್ಲಿ ನನ್ನ ಹೆಂಡತಿಗೇ ಬಂತು. ಆಸ್ಪತ್ರೆಯಿಂದ ವಿಡಿಯೊ ಕಾಲ್ ಮಾಡಿದವಳು, “ನೀವು ಊಟ ಮಾಡಿದ್ರಾ? ಮಗಳಿಗೆ ಮೊಟ್ಟೆ ಪಲ್ಯ ಮಾಡಿಕೊಡಿ,” ಎಂದಳು. ನಾನು ತಲೆಯಾಡಿಸಿದೆ. ಆಮೇಲೆ ಅವಳಿಗೆ ಮಾತಾಡಲು ಆಗಲಿಲ್ಲ.

ಅವಳ ದೇಹವನ್ನು ಊರಿಗೆ ಒಯ್ಯುವುದು ಆಗದ ಮಾತಾಗಿತ್ತು. ಎಲ್ಲಿ, ಹೇಗೆ ಎಂದು ನನಗೆ ಏನೂ ತೋಚದೆ ಕುಳಿತಿದ್ದಾಗ ಆರ್ಗನ್ ನುಡಿಸುವ ಅಜ್ಜಿ ಫೋನ್ ಮಾಡಿದರು. “ನಮ್ಮ ಮನೆಯವರ ಸಾಲಿನಲ್ಲಿ ಜಾಗವಿದೆ. ನನ್ನ ಅಜ್ಜಿಯ ಮಕ್ಕಳ ಪಕ್ಕದಲ್ಲಿ. ಅವಳನ್ನು ಕರೆದುಕೊಂಡು ಬಾ,” ಎಂದರು. ‘ಕರೆದುಕೊಂಡು ಬಾ’ ಎಂದದ್ದಕ್ಕೆ ನಾನು ಅತ್ತೆ. ಅಲ್ಲಿಯವರೆಗೆ ನನಗೆ ಅಳು ಬಂದಿರಲಿಲ್ಲ.

ಕಲ್ಲಿನ ಮೇಲೆ ಅವಳ ಹೆಸರನ್ನು ಕನ್ನಡದಲ್ಲೇ ಕೆತ್ತಿಸಿದೆ. ಕೆತ್ತುವವನ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗಿ ಬಂದವು. ತಿದ್ದಿಸಲು ಶಕ್ತಿ ಇರಲಿಲ್ಲ. ಹಾಗೆಯೇ ನೆಟ್ಟೆವು.

ಚರ್ಚ್ ಅದಾದ ಮೇಲೆ ಎರಡು ವರ್ಷವೂ ನಡೆಯಲಿಲ್ಲ. ಪಾಸ್ಟರ್ ಇನ್ನೂ ಮೂರು ಊರುಗಳನ್ನು ನೋಡಿಕೊಳ್ಳಬೇಕಿತ್ತು. ನಮ್ಮಲ್ಲಿಗೆ ತಿಂಗಳಿಗೊಮ್ಮೆ ಬರುತ್ತಿದ್ದರು. ಛಾವಣಿ ಸೋರಿ ಆರ್ಗನ್ ಕೆಟ್ಟಿತು. ಚರ್ಚನ್ನು ಮುಚ್ಚಿಬಿಡುವುದೇ ಎಂದು ಮತಕ್ಕೆ ಹಾಕಿದಾಗ ಬೇಡವೆಂದು ಕೈ ಎತ್ತಿದವರು ಅಜ್ಜಿ ಮತ್ತು ನಾನು, ಇಬ್ಬರೇ. ಉಳಿದವರ ಮೇಲೆ ನನಗೆ ಕೋಪವಿಲ್ಲ. ಅವರಿಗೆ ದಣಿವಾಗಿತ್ತು.

ಕೊನೆಯ ಆರಾಧನೆಯಲ್ಲಿ ಮೇಣದಬತ್ತಿ, ಬಟ್ಟಲು, ಬೈಬಲ್ ಒಂದೊಂದಾಗಿ ಹೊರಗೆ ಹೋದವು. ಹಡಗನ್ನು ಯಾವುದೋ ಮ್ಯೂಸಿಯಂನವರು ಹಳೆಯ ಕಂಬಳಿಯಲ್ಲಿ ಸುತ್ತಿ ವ್ಯಾನಿಗೆ ಹಾಕಿಕೊಂಡರು. ಪಾಸ್ಟರ್ ಬಾಗಿಲು ಹಾಕಿ ಬೀಗದ ಕೈಯನ್ನು ಜೇಬಿಗಿಳಿಸಿದರು. ಅಜ್ಜಿ ನನ್ನ ತೋಳು ಹಿಡಿದು ನಿಂತು, “ಇನ್ನು ಭಾನುವಾರ ನಾನು ಏನು ಮಾಡಲಿ?” ಎಂದು ಕೇಳಿದರು. ನಾನು ಅವರನ್ನು ಕಾರಿನವರೆಗೆ ನಡೆಸಿಕೊಂಡು ಹೋದೆ.

ಅವರ ಮಗಳು ಬಂದು ಅವರನ್ನು ಜಾರ್ಜಿಯಾದ ಕಮ್ಮಿಂಗ್‌ಗೆ ಕರೆದುಕೊಂಡು ಹೋದಳು. ಕಳೆದ ವರ್ಷ ಅಲ್ಲೇ ತೀರಿಕೊಂಡರು. ನಾನು ಡ್ರೈವ್ ಮಾಡಿಕೊಂಡು ಹೋದೆ. ಅವರನ್ನು ದಹನ ಮಾಡಿಸಿದ್ದರು. ಬೂದಿಯನ್ನು ಅವರ ಹಳೆಯ ಚರ್ಚಿಗೆ ಒಯ್ಯುವುದಿಲ್ಲವೇ ಎಂದು ಕೇಳಿದೆ. “ಅಲ್ಲಿ ಯಾರಿದ್ದಾರೆ? ಅಷ್ಟು ದೂರ ಯಾರು ಹೋಗುತ್ತಾರೆ?” ಎಂದಳು ಮಗಳು. ನಾನು ಹೋಗುತ್ತೇನೆ ಎಂದಾಗ ಮುಖ ಬೇರೆಡೆ ತಿರುಗಿಸಿದಳು.

ವಾಪಸ್ ಬಂದ ವಾರವೇ, ಆ ಚರ್ಚಿನ ಆಸ್ತಿ ನೋಡಿಕೊಳ್ಳುವ ಆಫೀಸಿಗೆ ಫೋನ್ ಮಾಡಿದೆ. ಹೆಂಡತಿಯ ಪಕ್ಕದ ಜಾಗ ನನಗೆ ಬೇಕು ಎಂದೆ. ಫೋನ್ ಎತ್ತಿದ ಹೆಂಗಸಿನ ದನಿ ಮೃದುವಾಗಿತ್ತು. ಚರ್ಚಿನ ಸಭೆ ವಿಸರ್ಜನೆಯಾಗಿದೆ, ಸುತ್ತಲಿನ ಹೊಲ ಸೋಲಾರ್ ಕಂಪನಿಗೆ ಹೋಗಿದೆ, ಇರುವ ಸಮಾಧಿಗಳಿಗೆ ಬೇಲಿ ಹಾಕುತ್ತಾರೆ, ಹೊಸದಾಗಿ ಯಾರನ್ನೂ ಹೂಳುವಂತಿಲ್ಲ ಎಂದಳು. “ಐ ಆ್ಯಮ್ ಸೋ ಸಾರಿ,” ಎಂದು ಎರಡು ಸಲ ಹೇಳಿದಳು.

ಪಕ್ಕದ ರಾಲಿ ನಗರದಲ್ಲಿ ಕಾಲೇಜು ಓದುತ್ತಿರುವ ಮಗಳು ಶನಿವಾರ ಮನೆಗೆ ಬಂದಾಗ ಇದನ್ನು ಹೇಳಿದೆ.

“ಪಪ್ಪ, ವಿ ಕ್ಯಾನ್ ಮೂವ್ ಮಮ್ಮಿ. ಬೇರೆ ಪ್ಲೇಸ್‌ಗೆ. ಪೀಪಲ್ ಡೂ ದಟ್.”

“ಎಲ್ಲಿಗೆ?”

ಈ ಊರಿನಲ್ಲಿ ಅವಳು ಎಷ್ಟು ವರ್ಷ ಇರುತ್ತಾಳೋ ಅವಳಿಗೇ ಗೊತ್ತಿಲ್ಲ. ನನ್ನ ಕೆಲಸವೂ ಯಾವಾಗ ಹೋಗುತ್ತದೋ ಗೊತ್ತಿಲ್ಲ.

“ಐ ಡೋಂಟ್ ನೋ, ಪಪ್ಪ,” ಎಂದಳು. ನಾನು ಅನ್ನಕ್ಕೆ ನೀರಿಡಲು ಎದ್ದೆ.